ಮೇಜು ಬಿಟ್ಟು ಕದಲದ ಲ್ಯಾಪ್‌ಟಾಪ್‌ನ ಪರವಾಗಿ

ದಿನವಿಡೀ ಒಂದೇ ಮೇಜಿನ ಮುಂದೆ ಕೂತು ಕೆಲಸ ಮಾಡುವವರಿಗೆ ಗೇಮಿಂಗ್ ಲ್ಯಾಪ್‌ಟಾಪ್ ಯಾಕೆ ಬೇಕು ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲಿ ಉತ್ತರ ಎಂದೋ ತೀರ್ಮಾನವಾಗಿಬಿಟ್ಟಿದೆ. ಕಂಪ್ಯೂಟರ್ ಬಲ್ಲ ಅಣ್ಣಂದಿರು, ಕಾಲೇಜಿನ ಸೀನಿಯರ್‌ಗಳು, ಆಫೀಸಿನ ಐಟಿ ವಿಭಾಗದವರು ಎಲ್ಲರದೂ ಒಂದೇ ಮಾತು: "ಅಷ್ಟೇ ದುಡ್ಡಿಗೆ ಎಸ್.ಪಿ. ರೋಡಲ್ಲಿ ಇದರಪ್ಪನಂಥ ಮೆಷೀನ್ ಕಟ್ಟಿಸಬಹುದು. ಲ್ಯಾಪ್‌ಟಾಪ್ ಬಿಸಿಯಾಗುತ್ತೆ, ಸದ್ದು ಮಾಡುತ್ತೆ, ಮೂರು ವರ್ಷಕ್ಕೆ ಹಳೇದಾಗುತ್ತೆ. ಮನೇಲೇ ಇಟ್ಕೊಳ್ಳೋದಾದ್ರೆ ಡೆಸ್ಕ್‌ಟಾಪೇ ಸರಿ." ಈ ಮಾತನ್ನು ಎಷ್ಟು ಜನ, ಎಷ್ಟು ವರ್ಷದಿಂದ ಹೇಳುತ್ತಾ ಬಂದಿದ್ದಾರೆಂದರೆ ಅದನ್ನು ಈಗ ಯಾರೂ ಪರೀಕ್ಷಿಸಿ ನೋಡುವುದಿಲ್ಲ. ಜರಗನಹಳ್ಳಿಯಂಥ ಬಡಾವಣೆಯ ಬಾಡಿಗೆ ಮನೆಗೆ ಈ ಬುದ್ಧಿಮಾತು ಹೊಂದುವುದಿಲ್ಲ ಎಂಬುದು ನನ್ನ ವಾದ. ಜೊತೆಗೆ, ಗೇಮಿಂಗ್ ಲ್ಯಾಪ್‌ಟಾಪನ್ನೇ ಕೊಳ್ಳುವವರೂ ಅದನ್ನು ತಪ್ಪು ಕಣ್ಣಿನಿಂದ ನೋಡಿ ಕೊಳ್ಳುತ್ತಿದ್ದಾರೆ. ಎರಡನ್ನೂ ಹೇಳಬೇಕಾಗಿದೆ.

ಮೊದಲು ಆ ಬುದ್ಧಿಮಾತಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಅದು ಹುಟ್ಟಿದ್ದು ನಿಜವಾದ ಅನುಭವದಿಂದ. ತೊಂಬತ್ತರ ದಶಕದ ಕೊನೆಯಲ್ಲಿ ಜಯನಗರ, ಬನಶಂಕರಿಯ ಮಧ್ಯಮ ವರ್ಗದ ಮನೆಗಳಿಗೆ ಬಂದ ಮೊದಲ ಕಂಪ್ಯೂಟರುಗಳಲ್ಲಿ ಬಹುಪಾಲು ಎಸ್.ಪಿ. ರೋಡಿನ, ಅಂದರೆ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲೇ ಜೋಡಣೆಯಾದವು. ಬ್ರ್ಯಾಂಡೆಡ್ ಮೆಷೀನಿನ ಬೆಲೆ ಕೈಗೆಟುಕುತ್ತಿರಲಿಲ್ಲ. 64 ಎಂಬಿ ರ‍್ಯಾಮ್ ಇದ್ದುದನ್ನು 128ಕ್ಕೆ ಏರಿಸಿದರೆ ವಿಂಡೋಸ್ 98 ಕಣ್ಣಿಗೆ ಕಾಣುವಷ್ಟು ಚುರುಕಾಗುತ್ತಿತ್ತು. ಹಾರ್ಡ್ ಡಿಸ್ಕ್ ಹೋದರೆ ಹಾರ್ಡ್ ಡಿಸ್ಕ್ ಮಾತ್ರ, ಎಸ್‌ಎಂಪಿಎಸ್ ಸುಟ್ಟರೆ ಎಸ್‌ಎಂಪಿಎಸ್ ಮಾತ್ರ ಬದಲಾಯಿಸಿಕೊಂಡು ಅದೇ ಡಬ್ಬವನ್ನು ಏಳೆಂಟು ವರ್ಷ ಓಡಿಸಿದ ಮನೆಗಳು ಎಷ್ಟೋ. ಆ ಕಾಲದ ಲ್ಯಾಪ್‌ಟಾಪ್ ಎಂದರೆ ದುಬಾರಿ, ನಿಧಾನ, ಕೆಟ್ಟರೆ ರಿಪೇರಿಯವರೇ ಸಿಗದ ವಸ್ತು. ಹಾಗಾಗಿ ಆಗ ಆ ಸಲಹೆ ಸರಿಯಾಗಿತ್ತು. ಇಂದಿಗೂ ಎಸ್.ಪಿ. ರೋಡ್ ನಮಗೆ ಹತ್ತಿರವೇ. ಜಯಪ್ರಕಾಶನಗರ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಚಿಕ್ಕಪೇಟೆಯಲ್ಲಿ ಇಳಿದು ನಡೆದೇ ಹೋಗಬಹುದು. 2017ರ ಜೂನ್‌ನಲ್ಲಿ ಈ ಮಾರ್ಗ ಯಲಚೇನಹಳ್ಳಿವರೆಗೆ ಶುರುವಾದ ಮೇಲೆ ಕನಕಪುರ ರಸ್ತೆಯ ಹುಡುಗರಿಗೆ ಆ ಸಂತೆ ಇನ್ನೂ ಸಲೀಸಾಗಿದೆ.

ಆದರೆ ಅಂಗಡಿಯವರು ಬರೆದುಕೊಡುವ ಕೋಟೇಶನ್ ಚೀಟಿಯನ್ನು ಒಮ್ಮೆ ಕೂತು ಓದಿ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್, ಕ್ಯಾಬಿನೆಟ್. ಅಲ್ಲಿಗೆ ಗೆರೆ ಎಳೆದು ಮೊತ್ತ ಹಾಕಿರುತ್ತಾರೆ. "ಅಷ್ಟೇ ದುಡ್ಡಿಗೆ" ಎನ್ನುವವರು ಹೋಲಿಸುವುದು ಈ ಮೊತ್ತವನ್ನು. ಮಾನಿಟರ್ ಇಲ್ಲ, ಯುಪಿಎಸ್ ಇಲ್ಲ, ಕೀಬೋರ್ಡ್, ಮೌಸ್, ಸ್ಪೀಕರ್, ವೆಬ್‌ಕ್ಯಾಮ್ ಯಾವುದೂ ಇಲ್ಲ. ಕೆಲವು ಅಗ್ಗದ ಮದರ್‌ಬೋರ್ಡ್‌ಗಳಲ್ಲಿ ವೈ-ಫೈ ಕೂಡ ಇರುವುದಿಲ್ಲ. ಬಾಡಿಗೆ ಮನೆಯಲ್ಲಿ ರೂಟರ್ ಹಾಲಿನಲ್ಲಿ, ಕಂಪ್ಯೂಟರ್ ರೂಮಿನಲ್ಲಿ, ನಡುವೆ ಕೇಬಲ್ ಎಳೆಯಲು ಗೋಡೆ ಕೊರೆಯುವಂತಿಲ್ಲ. ವಿಂಡೋಸ್ ಲೈಸೆನ್ಸ್ ಎಂಬ ಸಾಲಂತೂ ಆ ಚೀಟಿಯಲ್ಲಿ ಅಪರೂಪ. ಅದನ್ನು ಹೇಗೆ "ಹಾಕಿಕೊಡುತ್ತಾರೆ" ಎಂಬುದು ಎಲ್ಲರಿಗೂ ಗೊತ್ತು. ಲ್ಯಾಪ್‌ಟಾಪ್‌ನ ಬೆಲೆಯಲ್ಲಿ ಇವುಗಳಲ್ಲಿ ಬಹುಪಾಲು ಸೇರಿವೆ. ಒಂದು ಕಡೆ ಪೂರ್ತಿ ಸಂಸಾರದ ಲೆಕ್ಕ, ಇನ್ನೊಂದು ಕಡೆ ಬರೀ ಡಬ್ಬದ ಲೆಕ್ಕ ಇಟ್ಟು ತೂಗಿದರೆ ಡಬ್ಬ ಗೆಲ್ಲುವುದು ಸಹಜ. ಒಳ್ಳೆಯ ಮಾನಿಟರಿಗೆ ಹತ್ತು ಸಾವಿರದ ಮೇಲೆ, ಗ್ರಾಫಿಕ್ಸ್ ಕಾರ್ಡ್ ಇರುವ ಮೆಷೀನನ್ನು ಹಿಡಿದಿಡಬಲ್ಲ ಯುಪಿಎಸ್‌ಗೆ ಇನ್ನಷ್ಟು ಸಾವಿರ ಸೇರಿಸಿದ ಮೇಲೂ ಡೆಸ್ಕ್‌ಟಾಪ್ ಸ್ವಲ್ಪ ಮುಂದಿರಬಹುದು, ಒಪ್ಪುತ್ತೇನೆ. ಆದರೆ ಆ ಅಂತರ ಜನ ಹೇಳುವ "ಎರಡರಷ್ಟು" ಖಂಡಿತ ಅಲ್ಲ.

ಇನ್ನು ಮನೆಯ ಮಾತು. ಜರಗನಹಳ್ಳಿ ಎಂದರೆ ಕನಕಪುರ ರಸ್ತೆಯ ಪಕ್ಕ, ಜೆ.ಪಿ. ನಗರ ಆರನೇ ಹಂತಕ್ಕೆ ಅಂಟಿಕೊಂಡ ಹಳೆಯ ಊರು. ಚಿಕ್ಕ ಚಿಕ್ಕ ಸೈಟುಗಳಲ್ಲಿ ಒಂದರ ಮೇಲೊಂದು ಮಹಡಿ, ಮಹಡಿಗೆ ಒಂದೋ ಎರಡೋ ಬಾಡಿಗೆ ಮನೆ, ಒಬ್ಬರು ಮಾತ್ರ ಹತ್ತಬಲ್ಲ ಮೆಟ್ಟಿಲು. ದಯಾನಂದ ಸಾಗರ್ ಕಾಲೇಜಿಗೆ ಹೋಗುವವರು, ರಘುವನಹಳ್ಳಿಯ ಕೆ.ಎಸ್.ಐ.ಟಿ.ಗೆ ಹೋಗುವವರು, ಮನೆಯಿಂದಲೇ ಅರ್ಧ ವಾರ ಕೆಲಸ ಮಾಡುವವರು ಇಂಥ ಮನೆಗಳಲ್ಲಿದ್ದಾರೆ. ನನಗೆ ಗೊತ್ತಿರುವ ಮದುವೆ ವಿಡಿಯೊ ಎಡಿಟರ್ ಒಬ್ಬರ ರೂಮನ್ನೇ ನೋಡಿ. ಹತ್ತಡಿ ಉದ್ದ, ಒಂಬತ್ತಡಿ ಅಗಲ. ಒಂದು ಗೋಡೆಗೆ ಮಂಚ, ಅದರೆದುರು ಗಾಡ್ರೆಜ್ ಬೀರು, ಉಳಿದ ಜಾಗದಲ್ಲಿ ಮೂರಡಿಯ ಮೇಜು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತದೆ. ಇಡೀ ರೂಮಿಗೆ ಎರಡು ಪ್ಲಗ್ ಪಾಯಿಂಟ್. ಒಂದು ಫೋನ್ ಚಾರ್ಜಿಗೆ ಮೀಸಲು. ಆ ಮೂರಡಿ ಮೇಜಿನ ಮೇಲೆ ಮಾನಿಟರ್, ಅದರ ಕೆಳಗೆ ಕ್ಯಾಬಿನೆಟ್, ಕ್ಯಾಬಿನೆಟ್ ಪಕ್ಕ ಯುಪಿಎಸ್ ಇಟ್ಟರೆ ಕಾಲಿಡಲು ಜಾಗವಿಲ್ಲ, ಮನೆಯವರು ನೆಲ ಒರೆಸುವಾಗ ನೀರು ತಾಗುವ ಭಯ ಬೇರೆ. ಅವರು ಕೊಂಡದ್ದು ದಪ್ಪನೆಯ ಗೇಮಿಂಗ್ ಲ್ಯಾಪ್‌ಟಾಪ್. ಗೋಡೆಗೆ ಮಾನಿಟರ್, ಕೆಳಗೆ ಸಣ್ಣ ಸ್ಟ್ಯಾಂಡಿನ ಮೇಲೆ ಲ್ಯಾಪ್‌ಟಾಪ್, ಮುಂದೆ ಬೇರೆ ಕೀಬೋರ್ಡ್. ಸ್ನೇಹಿತರು ನಕ್ಕರಂತೆ. ನಗುವಂಥದ್ದು ನನಗೇನೂ ಕಾಣಲಿಲ್ಲ.

ಇಂಥ ಮನೆಗಳಲ್ಲಿ ಯಾರೂ ಬಹುಕಾಲ ನಿಲ್ಲುವುದಿಲ್ಲ. ಹನ್ನೊಂದು ತಿಂಗಳ ಕರಾರು, ಬಾಡಿಗೆ ಏರಿಕೆ, ಮಾಲೀಕರ ಮಗನ ಮದುವೆ, ಏನೋ ಒಂದು ಕಾರಣಕ್ಕೆ ಎರಡು-ಮೂರು ವರ್ಷಕ್ಕೊಮ್ಮೆ ಟೆಂಪೊ ಕರೆಸಬೇಕು. ಇವತ್ತಿನ ಗ್ರಾಫಿಕ್ಸ್ ಕಾರ್ಡುಗಳು ಎಷ್ಟು ಭಾರವೆಂದರೆ, ಸಾಗಿಸುವ ಮುನ್ನ ಕಾರ್ಡ್ ಬಿಚ್ಚಿ ಬೇರೆ ಪ್ಯಾಕ್ ಮಾಡಿ ಎಂದು ಕಟ್ಟಿಕೊಟ್ಟವರೇ ಹೇಳುತ್ತಾರೆ. ಬಿಚ್ಚದೆ ಒಯ್ದರೆ ಸ್ಲಾಟ್ ಮುರಿಯುವುದುಂಟು. ಪಕ್ಕಕ್ಕೆ ಗಾಜು ಹಾಕಿದ ಫ್ಯಾಶನ್ ಕ್ಯಾಬಿನೆಟ್ ಆದರಂತೂ ಮೂರನೇ ಮಹಡಿಯಿಂದ ಇಳಿಸುವಷ್ಟರಲ್ಲಿ ಜೀವ ಬಾಯಿಗೆ ಬರುತ್ತದೆ. "ಲ್ಯಾಪ್‌ಟಾಪ್ ಹೊತ್ತುಕೊಂಡು ತಿರುಗದಿದ್ದರೆ ಲ್ಯಾಪ್‌ಟಾಪ್ ಯಾಕೆ" ಎಂಬ ಪ್ರಶ್ನೆ ತಪ್ಪುವುದು ಇಲ್ಲೇ. ದಿನವೂ ತಿರುಗಬೇಕಿಲ್ಲ. ಯುಗಾದಿಗೆ, ಗೌರಿ ಹಬ್ಬಕ್ಕೆ ಊರಿಗೆ ಹೋಗುವಾಗ ಕೆಲಸ ಜೊತೆಗೆ ಬಂದರೆ ಸಾಕು. ಕಾಲೇಜಿನ ಪ್ರಾಜೆಕ್ಟ್ ತೋರಿಸುವ ದಿನ ಮೆಷೀನ್ ಬ್ಯಾಗಿನಲ್ಲಿ ಕೂತರೆ ಸಾಕು. ವರ್ಷಕ್ಕೆ ನಾಲ್ಕೈದು ಸಲದ ಆ ಅನುಕೂಲಕ್ಕೆ ಬೆಲೆ ಕಟ್ಟದವರು ಸ್ವಂತ ಮನೆಯಲ್ಲಿ ಕೂತು ಸಲಹೆ ಕೊಡುತ್ತಿದ್ದಾರೆ ಎಂದೇ ನನ್ನ ಅನಿಸಿಕೆ.

ಕರೆಂಟಿನ ವಿಷಯ ಇನ್ನೂ ಮುಖ್ಯ. ಬೆಸ್ಕಾಂನ ಕರೆಂಟು ಮೊದಲಿಗಿಂತ ಸುಧಾರಿಸಿದೆ, ನಿಜ. ಆದರೂ ಏಪ್ರಿಲ್-ಮೇ ತಿಂಗಳ ಸಂಜೆ ಮಳೆಗೆ ಮರದ ಕೊಂಬೆ ಬಿದ್ದು ಲೈನ್ ಹೋಗುವುದು ದಕ್ಷಿಣ ಬೆಂಗಳೂರಿಗೆ ಹೊಸದಲ್ಲ. ಹಾಗೆ ಕರೆಂಟ್ ಹೋದ ಕ್ಷಣದಲ್ಲಿ ಡೆಸ್ಕ್‌ಟಾಪ್ ಸಾಯುತ್ತದೆ. ಎರಡು ಗಂಟೆಯಿಂದ ರೆಂಡರ್ ಆಗುತ್ತಿದ್ದ ವಿಡಿಯೊ ಮತ್ತೆ ಮೊದಲಿನಿಂದ. ಅಂಗಡಿಯಲ್ಲಿ ಕೊಡುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಹೊರಬಲ್ಲದು. ಗ್ರಾಫಿಕ್ಸ್ ಕಾರ್ಡ್ ಪೂರ್ತಿ ದುಡಿಯುತ್ತಿರುವಾಗ ಮೆಷೀನ್ ಮತ್ತು ಮಾನಿಟರ್ ಸೇರಿ ಆ ಮಿತಿಗೆ ತಾಗಿರುತ್ತವೆ, ಆಗ ಅದು ಕೀ ಎಂದು ಕೂಗಿ ಕೈಬಿಡುತ್ತದೆ. ದೊಡ್ಡ ಯುಪಿಎಸ್ ಬೇಕು, ಅದರೊಳಗಿನ ಲೆಡ್ ಆಸಿಡ್ ಬ್ಯಾಟರಿಯನ್ನು ಎರಡು-ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಲ್ಯಾಪ್‌ಟಾಪ್‌ನೊಳಗೆ ಬ್ಯಾಟರಿ ಇದ್ದೇ ಇದೆ. ಇಲ್ಲಿ ಒಂದು ಎಚ್ಚರಿಕೆ: ವಿಮಾನದಲ್ಲಿ ಅನುಮತಿಯಿಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್ ಆದ್ದರಿಂದ ಯಾವ ಕಂಪನಿಯೂ ಅದಕ್ಕಿಂತ ದೊಡ್ಡದನ್ನು ಹಾಕುವುದಿಲ್ಲ. 200 ವ್ಯಾಟ್ ಎಳೆಯುವ ಯಂತ್ರಕ್ಕೆ ಅದು ಅರ್ಧ ಗಂಟೆಯ ಊಟ. ಹಾಗಾಗಿ ಚಾರ್ಜರ್ ಕಿತ್ತ ಕೂಡಲೇ ಗ್ರಾಫಿಕ್ಸ್ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬ್ಯಾಟರಿಯಲ್ಲಿ ಗೇಮ್ ಆಡುತ್ತೇನೆ ಎಂದುಕೊಂಡವರಿಗೆ ನಿರಾಶೆ ಖಚಿತ. ಕೆಲಸ ನಿಲ್ಲದೆ ನಿಧಾನಕ್ಕಾದರೂ ಮುಂದುವರಿಯಲಿ, ಫೈಲ್ ಉಳಿಯಲಿ ಎನ್ನುವವರಿಗೆ ಅಷ್ಟು ಧಾರಾಳ ಸಾಕು.

ಬಿಲ್ಲಿನ ಲೆಕ್ಕವನ್ನೂ ಹಾಕೋಣ. 2023ರಿಂದ ಗೃಹಜ್ಯೋತಿ ಇರುವ ಮನೆಗಳಲ್ಲಿ ಹಿಂದಿನ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಯೂನಿಟ್ ಉಚಿತ. ಅದನ್ನು ದಾಟಿದ ಭಾಗಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಆರ್‌ಟಿಎಕ್ಸ್ 5060 ಗ್ರಾಫಿಕ್ಸ್ ಕಾರ್ಡಿನ ದರ್ಜೆಯ ಡೆಸ್ಕ್‌ಟಾಪ್ ಭಾರದ ಕೆಲಸದಲ್ಲಿ 300 ವ್ಯಾಟ್ ಸುತ್ತಮುತ್ತ ಎಳೆದರೆ, ಅದೇ ದರ್ಜೆಯ ಲ್ಯಾಪ್‌ಟಾಪ್ 180 ಆಸುಪಾಸು ಎಳೆಯುತ್ತದೆ. ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ 45 ಯೂನಿಟ್ ಒಂದು ಕಡೆ, 27 ಇನ್ನೊಂದು ಕಡೆ. ಹದಿನೆಂಟು ಯೂನಿಟ್ಟಿನ ದುಡ್ಡು ಒಂದು ದೋಸೆ-ಕಾಫಿಯ ಖರ್ಚಿನಷ್ಟೇ ಎನ್ನಬಹುದು. ಮಿತಿಯ ಅಂಚಿನಲ್ಲಿ ಬದುಕುವ ಮನೆಗೆ ಆ ಹದಿನೆಂಟೇ ಸೊನ್ನೆ ಬಿಲ್ಲಿಗೂ ದೊಡ್ಡ ಬಿಲ್ಲಿಗೂ ನಡುವಿನ ಗೆರೆಯಾಗಬಲ್ಲದು. ಕಂಪ್ಯೂಟರ್ ಬಲ್ಲವರು ಈ ಲೆಕ್ಕ ಹಾಕಿದ್ದನ್ನು ನಾನು ಕೇಳಿಲ್ಲ.

"ಡೆಸ್ಕ್‌ಟಾಪ್ ಆದರೆ ಮುಂದೆ ಅಪ್‌ಗ್ರೇಡ್ ಮಾಡಬಹುದು" ಎಂಬುದು ಅವರ ಬ್ರಹ್ಮಾಸ್ತ್ರ. ಇದರಲ್ಲಿ ಅರ್ಧ ಸತ್ಯ ಇದೆ. ಗ್ರಾಫಿಕ್ಸ್ ಕಾರ್ಡ್ ಒಂದನ್ನೇ ಕಿತ್ತು ಹೊಸದು ಹಾಕಬಹುದು. ಲ್ಯಾಪ್‌ಟಾಪ್‌ನಲ್ಲಿ ಆ ಚಿಪ್ಪನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಕೊಂಡ ದಿನ ಏನಿತ್ತೋ ಕೊನೆಯ ದಿನವೂ ಅದೇ. ಉಳಿದರ್ಧ ಬರೀ ಆಸೆ. ಇಂಟೆಲ್ 2020ರಲ್ಲಿ ಪ್ರೊಸೆಸರ್ ಕೂರುವ ಒಂದು ಸಾಕೆಟ್, 2021ರಲ್ಲಿ ಇನ್ನೊಂದು, 2024ರಲ್ಲಿ ಮತ್ತೊಂದು ತಂದಿತು. ರ‍್ಯಾಮ್ ಡಿಡಿಆರ್4ರಿಂದ ಡಿಡಿಆರ್5ಕ್ಕೆ ಜಿಗಿಯಿತು. ನಾಲ್ಕು ವರ್ಷದ ಹಿಂದೆ ಕಟ್ಟಿಸಿದವರು ಪ್ರೊಸೆಸರ್ ಬದಲಿಸಲು ಹೋದರೆ ಹಲವು ಬಾರಿ ಮದರ್‌ಬೋರ್ಡ್, ರ‍್ಯಾಮ್ ಎರಡನ್ನೂ ಬದಲಿಸಬೇಕಾಗುತ್ತದೆ. ಉಳಿಯುವುದು ಕ್ಯಾಬಿನೆಟ್ ಮತ್ತು ಎಸ್‌ಎಂಪಿಎಸ್. ಎಎಂಡಿಯ ಎಎಂ4 ಸಾಕೆಟ್ ಇದಕ್ಕೆ ಗೌರವದ ಅಪವಾದ. 2017ರ ಎಷ್ಟೋ ಬೋರ್ಡುಗಳು 2022ರ ಪ್ರೊಸೆಸರನ್ನೂ ಹೊತ್ತವು. ಅಂಥ ಬೋರ್ಡ್ ಇಟ್ಟುಕೊಂಡವರು ನನ್ನ ಮಾತಿಗೆ ಸೊಪ್ಪು ಹಾಕಬೇಕಿಲ್ಲ. ಇನ್ನು "ರ‍್ಯಾಮ್ ಆಮೇಲೆ ಹಾಕಿಸಿದರಾಯಿತು, ಬೆಲೆ ಇಳಿಯುತ್ತೆ" ಎಂಬ ಎಸ್.ಪಿ. ರೋಡಿನ ಹಳೆಯ ಜಾಣತನವನ್ನಂತೂ 2025ರ ಕೊನೆಯ ತಿಂಗಳುಗಳು ಮುರಿದುಹಾಕಿದವು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡವು, ಬೆಲೆ ಮೇಲಕ್ಕೆ ಹಾರಿತು, ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಕ್ರೂಶಿಯಲ್ ಹೆಸರಿನ ತನ್ನ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ, ಬೇಕಾದ ರ‍್ಯಾಮನ್ನು ಕೊಳ್ಳುವಾಗಲೇ ತೆಗೆದುಕೊಳ್ಳುವುದು ಕ್ಷೇಮ.

ಇಲ್ಲಿಯವರೆಗೆ ಲ್ಯಾಪ್‌ಟಾಪ್‌ನ ಪರ ವಕಾಲತ್ತು ಮಾಡಿದೆ. ಈಗ ಅದನ್ನು ಕೊಳ್ಳುವವರ ಮೇಲಿನ ನನ್ನ ತಕರಾರು. ಡೆಸ್ಕ್‌ಟಾಪ್‌ಗೆ ಬದಲಾಗಿ ಕೊಳ್ಳುತ್ತಿದ್ದೇವೆ ಎಂದು ಹೇಳಿಕೊಂಡು ಅಂಗಡಿಗೆ ಹೋದವರು ಅಲ್ಲಿ ನೋಡುವುದೇನು? ತೆಳ್ಳಗಿದೆಯೇ, ಹಗುರವಿದೆಯೇ, ಮುಚ್ಚಳದ ಮೇಲೆ ಲೈಟ್ ಹೊಳೆಯುತ್ತದೆಯೇ, ಗ್ರಾಫಿಕ್ಸ್ ಕಾರ್ಡಿನ ನಂಬರ್ ದೊಡ್ಡದೇ. ಮೇಜು ಬಿಟ್ಟು ಕದಲದ ಯಂತ್ರಕ್ಕೆ ತೆಳ್ಳಗಿರುವುದು ಗುಣವಲ್ಲ, ದೋಷ. ತೆಳು ಮೈಯೊಳಗೆ ದೊಡ್ಡ ಫ್ಯಾನ್ ಕೂರುವುದಿಲ್ಲ, ದಪ್ಪ ತಾಮ್ರದ ಕೊಳವೆಗಳು ಕೂರುವುದಿಲ್ಲ, ರ‍್ಯಾಮನ್ನು ಬೋರ್ಡಿಗೇ ಬೆಸೆದುಬಿಡುವ ಸಂಭವ ಹೆಚ್ಚು. ಎರಡೂವರೆ ಕೆಜಿ ತೂಗುವ, ಇಟ್ಟಿಗೆಯಂಥ ಚಾರ್ಜರ್ ಇರುವ, ಎರಡು ರ‍್ಯಾಮ್ ಸ್ಲಾಟ್ ಮತ್ತು ಎರಡು ಎಸ್‌ಎಸ್‌ಡಿ ಸ್ಲಾಟ್ ಇರುವ ದಪ್ಪನೆಯ ಮಾದರಿಯನ್ನು ಅಂಗಡಿಯವರು ಮೂಲೆಗೆ ಇಟ್ಟಿರುತ್ತಾರೆ. ಕೇಳಿ ತೆಗೆಸಬೇಕು.

ನಂಬರಿನ ಮೋಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆಚ್ಚು ದುಡ್ಡು ಪೋಲಾಗುವುದು ಅಲ್ಲೇ. ಎನ್‌ವಿಡಿಯಾ ಕಂಪನಿ 2016ರವರೆಗೆ ಲ್ಯಾಪ್‌ಟಾಪ್ ಚಿಪ್ಪುಗಳ ಹೆಸರಿನ ಕೊನೆಗೆ "ಎಂ" ಅಕ್ಷರ ಸೇರಿಸುತ್ತಿತ್ತು. ಇದು ಬೇರೆ, ಅದು ಬೇರೆ ಎಂದು ತಿಳಿಯುತ್ತಿತ್ತು. ಆ ವರ್ಷ ಬಂದ 10ರ ಸರಣಿಯಿಂದ ಆ ಅಕ್ಷರ ಹೋಯಿತು. ಇವತ್ತು ಡೆಸ್ಕ್‌ಟಾಪ್ ಆರ್‌ಟಿಎಕ್ಸ್ 5070ಯಲ್ಲಿ 12 ಜಿಬಿ ಮೆಮೊರಿ, 6,144 ಕೋರ್. ಅದೇ ನಂಬರಿನ ಲ್ಯಾಪ್‌ಟಾಪ್ ಚಿಪ್ಪಿನಲ್ಲಿ 8 ಜಿಬಿ, 4,608 ಕೋರ್. ಡೆಸ್ಕ್‌ಟಾಪ್ 4090ಯಲ್ಲಿ 24 ಜಿಬಿ. ಲ್ಯಾಪ್‌ಟಾಪ್ 4090ಯಲ್ಲಿ 16 ಜಿಬಿ, ಅದರ ಸಿಲಿಕಾನ್ ಡೆಸ್ಕ್‌ಟಾಪ್ 4080ಯದು. ನಂಬರ್ ಮೇಲೇರಿದಂತೆ ಅಂತರವೂ ಬೆಳೆಯುತ್ತದೆ, ಬೆಲೆಯೂ. ಕೆಳಗಿನ ಮೆಟ್ಟಿಲಲ್ಲಿ ಮಾತ್ರ ಪರಿಸ್ಥಿತಿ ಬೇರೆ. 4060 ಎಂಬುದು ಎರಡೂ ಕಡೆ ಒಂದೇ ಸಿಲಿಕಾನ್, 3,072 ಕೋರ್, 8 ಜಿಬಿ. ಪೂರ್ತಿ ಕರೆಂಟ್ ಉಣಿಸುವ ದಪ್ಪ ಲ್ಯಾಪ್‌ಟಾಪ್‌ನಲ್ಲಿ ಅದು ತನ್ನ ಡೆಸ್ಕ್‌ಟಾಪ್ ಅಣ್ಣನ ಹತ್ತಿರಕ್ಕೆ ಬರುತ್ತದೆ. ಹಾಗಾಗಿ ಡೆಸ್ಕ್‌ಟಾಪ್‌ಗೆ ಬದಲಿಯಾಗಿ ನಿಲ್ಲಬಲ್ಲ ಗೇಮಿಂಗ್ ಲ್ಯಾಪ್‌ಟಾಪ್ ಎಂದರೆ ಅತಿ ದುಬಾರಿಯದು ಎಂಬ ನಂಬಿಕೆ ತಲೆಕೆಳಗು. ಒಂದು ಲಕ್ಷದ ಆಸುಪಾಸಿನದು ತನ್ನ ಕೆಲಸವನ್ನು ನ್ಯಾಯವಾಗಿ ಮಾಡುತ್ತದೆ. ಮೂರು ಲಕ್ಷದ್ದು ಹೆಸರಿಗೆ ತಕ್ಕಂತೆ ನಡೆದುಕೊಳ್ಳುವುದಿಲ್ಲ. ಆ ಮೂರು ಲಕ್ಷ ಇದ್ದವರು ಖಂಡಿತ ಎಸ್.ಪಿ. ರೋಡಿಗೇ ಹೋಗಲಿ.

"ಪೂರ್ತಿ ಕರೆಂಟ್ ಉಣಿಸುವ" ಎಂದೆನಲ್ಲ, ಅದೇ ಕೊಳ್ಳುವವರು ಕೇಳದ ಪ್ರಶ್ನೆ. ಲ್ಯಾಪ್‌ಟಾಪ್ 4060 ಚಿಪ್ಪಿಗೆ 35 ವ್ಯಾಟಿನಿಂದ 115 ವ್ಯಾಟಿನವರೆಗೆ ಎಷ್ಟು ಬೇಕಾದರೂ ಕೊಡಲು ಲ್ಯಾಪ್‌ಟಾಪ್ ಕಂಪನಿಗೆ ಸ್ವಾತಂತ್ರ್ಯವಿದೆ. 5060ಗೆ 45ರಿಂದ 100. ಕಡಿಮೆ ವ್ಯಾಟಿನದಕ್ಕೂ ಹೆಚ್ಚು ವ್ಯಾಟಿನದಕ್ಕೂ ಡಬ್ಬದ ಮೇಲಿನ ಸ್ಟಿಕ್ಕರ್ ಒಂದೇ. ಕಡಿಮೆ ವ್ಯಾಟ್ ಪಡೆದ ದೊಡ್ಡ ನಂಬರಿನ ಚಿಪ್ಪನ್ನು ಪೂರ್ತಿ ವ್ಯಾಟ್ ಪಡೆದ ಚಿಕ್ಕ ನಂಬರಿನ ಚಿಪ್ ಹಿಂದೆ ಹಾಕುವುದು ಮಾಮೂಲು. ಕಂಪನಿಗಳ ವೆಬ್‌ಸೈಟಿನಲ್ಲಿ ಸಣ್ಣ ಅಕ್ಷರದಲ್ಲಿ "ಟಿಜಿಪಿ" ಎಂದು ಈ ವ್ಯಾಟ್ ಬರೆದಿರುತ್ತದೆ. ಅದು ಸಿಗದಿದ್ದರೆ ಚಾರ್ಜರ್ ತಿರುಗಿಸಿ ನೋಡಿ: 230 ಅಥವಾ 240 ವ್ಯಾಟ್ ಎಂದಿದ್ದರೆ ಭರವಸೆ ಇಡಬಹುದು, 150 ಎಂದಿದ್ದರೆ ಪ್ರೊಸೆಸರಿಗೂ ಗ್ರಾಫಿಕ್ಸಿಗೂ ಒಟ್ಟಿಗೆ ಹೊಟ್ಟೆ ತುಂಬುವುದಿಲ್ಲ.

ಪರದೆಯ ಬಗ್ಗೆಯೂ ಜನರ ಲೆಕ್ಕ ತಪ್ಪುತ್ತದೆ. 165 ಹರ್ಟ್ಜ್, 240 ಹರ್ಟ್ಜ್ ಎಂದು ಲ್ಯಾಪ್‌ಟಾಪ್‌ನ ಪರದೆಗೆ ಹೆಚ್ಚು ಕೊಡುತ್ತಾರೆ, ಆಮೇಲೆ ಹದಿನೈದಿಂಚಿನ ಆ ಕಿಟಕಿಯನ್ನೇ ಬಗ್ಗಿ ನೋಡುತ್ತಾ ಕತ್ತು ನೋಯಿಸಿಕೊಳ್ಳುತ್ತಾರೆ. ಮೇಜಿನ ಮೇಲೇ ಇರುವ ಯಂತ್ರಕ್ಕೆ 24 ಅಥವಾ 27 ಇಂಚಿನ ಬೇರೆ ಮಾನಿಟರ್ ಬೇಕೇ ಬೇಕು. ಅದನ್ನು ಬಜೆಟ್ಟಿನಲ್ಲಿ ಮೊದಲೇ ತೆಗೆದಿಡಿ. ಆಗ ಲ್ಯಾಪ್‌ಟಾಪ್‌ನ ಸ್ವಂತ ಪರದೆ ಸಾಧಾರಣವಾಗಿದ್ದರೂ ನಡೆಯುತ್ತದೆ. ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಬರುವ "ಶೇ 45 ಎನ್‌ಟಿಎಸ್‌ಸಿ" ಪರದೆ ಬಣ್ಣಗಳನ್ನು ತೊಳೆದಂತೆ ತೋರಿಸುತ್ತದೆ. ರೇಷ್ಮೆ ಸೀರೆಯ ಕೆಂಪನ್ನು ಅದರಲ್ಲಿ ನೋಡಿ ತಿದ್ದಿದ ಎಡಿಟರಿಗೆ ಮದುವೆ ಮನೆಯವರಿಂದ ಬೈಗುಳ ತಪ್ಪಿದ್ದಲ್ಲ. ಬೇರೆ ಮಾನಿಟರಿನಿಂದ ಇನ್ನೊಂದು ಲಾಭವೂ ಇದೆ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಚಿಪ್ ಬರೆದ ಚಿತ್ರ ಪ್ರೊಸೆಸರಿನೊಳಗಿನ ಚಿಕ್ಕ ಗ್ರಾಫಿಕ್ಸ್ ಮೂಲಕ ಸುತ್ತಿಕೊಂಡು ಪರದೆಗೆ ಬರುತ್ತದೆ, ದಾರಿಯಲ್ಲಿ ಸ್ವಲ್ಪ ವೇಗ ಸೋರುತ್ತದೆ. ಎಚ್‌ಡಿಎಂಐ ಪೋರ್ಟ್ ನೇರವಾಗಿ ಗ್ರಾಫಿಕ್ಸ್ ಚಿಪ್ಪಿಗೆ ಜೋಡಿಸಿರುವ ಮಾದರಿಗಳಲ್ಲಿ ಹೊರಗಿನ ಮಾನಿಟರ್ ಹಾಕಿದರೆ ಆ ಸುತ್ತುದಾರಿ ತಪ್ಪುತ್ತದೆ. ಅದೇ ಯಂತ್ರ, ಅದೇ ಚಿಪ್, ಕೇಬಲ್ ಒಂದರಿಂದ ಚುರುಕಾಗುತ್ತದೆ.

ಬಿಸಿ ಮತ್ತು ಸದ್ದು. ಈ ದೂರಿನಲ್ಲಿ ಹುರುಳಿದೆ, ಮರೆಮಾಚುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು, 2024ರ ಏಪ್ರಿಲ್ ಕೊನೆಗೆ ಮತ್ತೆ 38 ದಾಟಿತು. ಶೀಟಿನ ಬಿಸಿ ಇಳಿಯುವ ಮೇಲ್ಮಹಡಿಯ ರೂಮಿನಲ್ಲಿ ಲ್ಯಾಪ್‌ಟಾಪ್ ಫ್ಯಾನ್ ಪೂರ್ತಿ ತಿರುಗಿದರೆ ಪಕ್ಕದಲ್ಲಿ ಮಗು ಮಲಗುವುದು ಕಷ್ಟ. ಈ ವಿಷಯದಲ್ಲಿ ಡೆಸ್ಕ್‌ಟಾಪೇ ಮೇಲು. ಆದರೆ ಬಿಸಿಯ ಅರ್ಧಪಾಲು ನಮ್ಮದೇ ಉದಾಸೀನದ ಫಲ. ಆ ಎಡಿಟರ್ ಒಂದೂವರೆ ವರ್ಷದ ಮೇಲೆ ತಮ್ಮ ಯಂತ್ರದ ಕೆಳಮುಚ್ಚಳ ಬಿಚ್ಚಿದಾಗ ನಾನು ಜೊತೆಗಿದ್ದೆ. ಸ್ಕ್ರೂಗಳನ್ನು ಬಿಚ್ಚಿ, ಪ್ಲಾಸ್ಟಿಕ್ ಕಾರ್ಡಿನಿಂದ ಅಂಚನ್ನು ಸುತ್ತ ಮೀಟಿದ ಮೇಲೆ ಮುಚ್ಚಳ ಎದ್ದಿತು. ಫ್ಯಾನಿನ ರೆಕ್ಕೆಗಳ ಮೇಲೆ ಕನಕಪುರ ರಸ್ತೆಯ ಕಂದು ಧೂಳು. ಅದು ದೊಡ್ಡ ವಿಷಯವಲ್ಲ. ಫ್ಯಾನಿಗೂ ತಾಮ್ರದ ಹಲ್ಲುಗಳಿಗೂ ನಡುವಿನ ಕಿರಿದಾದ ಸಂದಿಯಲ್ಲಿ ಧೂಳು, ಕೂದಲು, ಹಾಸಿಗೆಯ ಹತ್ತಿಯ ಎಳೆ ಎಲ್ಲ ಒತ್ತಿಕೊಂಡು ಬೆರಳಗಲದ ಕಂಬಳಿಯ ಪಟ್ಟಿಯಂತೆ ಕೂತಿತ್ತು. ಚಿಮುಟದಲ್ಲಿ ಹಿಡಿದೆಳೆದರೆ ಇಡಿಯಾಗಿಯೇ ಈಚೆ ಬಂತು. ಫ್ಯಾನ್ ಎಷ್ಟು ತಿರುಗಿದರೂ ಗಾಳಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಅದನ್ನು ತೆಗೆದು, ಹಿಂಬದಿಯನ್ನು ಎರಡಿಂಚು ಎತ್ತರಿಸಿಟ್ಟ ಮೇಲೆ ಅದೇ ರೆಂಡರಿಗೆ ಫ್ಯಾನ್ ಹಿಂದಿನಂತೆ ಕಿರುಚಲಿಲ್ಲ. ಡೆಸ್ಕ್‌ಟಾಪ್‌ಗಾದರೂ ವರ್ಷಕ್ಕೊಮ್ಮೆ ಬ್ಲೋವರ್ ಹೊಡೆಸುವ ನಾವು ಲ್ಯಾಪ್‌ಟಾಪ್‌ಗೆ ಆ ಉಪಚಾರ ಮಾಡುವುದೇ ಇಲ್ಲ. ಕೆಲವು ದುಬಾರಿ ಮಾದರಿಗಳಲ್ಲಿ ಚಿಪ್ಪಿನ ಮೇಲೆ ಪೇಸ್ಟ್ ಬದಲು ದ್ರವಲೋಹ ಹಾಕಿರುತ್ತಾರೆ; ಅಂಥವುಗಳ ಹೀಟ್‌ಸಿಂಕ್ ಅನ್ನು ಬೀದಿಬದಿಯ ರಿಪೇರಿಯವರ ಕೈಯಲ್ಲಿ ಬಿಚ್ಚಿಸಬೇಡಿ, ಒಂದು ಹನಿ ಬೋರ್ಡಿನ ಮೇಲೆ ಬಿದ್ದರೂ ಶಾರ್ಟ್ ಆಗುತ್ತದೆ.

ಸದಾ ಚಾರ್ಜರ್ ಚುಚ್ಚಿಕೊಂಡೇ ಇರುವ ಯಂತ್ರದ ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಮೇಲೆತ್ತುವುದನ್ನು ಹಲವರು ಕಂಡಿರಬಹುದು. ಲಿಥಿಯಂ ಬ್ಯಾಟರಿಗೆ ಬಿಸಿಯಲ್ಲಿ ನೂರಕ್ಕೆ ನೂರು ತುಂಬಿ ಕೂರುವುದು ಆಗಿಬರುವುದಿಲ್ಲ. ಈಗ ಬರುವ ಬಹುತೇಕ ಗೇಮಿಂಗ್ ಲ್ಯಾಪ್‌ಟಾಪ್‌ಗಳ ಸೆಟ್ಟಿಂಗ್‌ನಲ್ಲಿ ಚಾರ್ಜನ್ನು ಶೇ 60ಕ್ಕೋ 80ಕ್ಕೋ ನಿಲ್ಲಿಸುವ ಆಯ್ಕೆಯಿದೆ. ಮೊದಲ ದಿನವೇ ಅದನ್ನು ಹಾಕಿಡಿ. ಹಳೆಯ ಬಾಡಿಗೆ ಮನೆಯಲ್ಲಿ ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದರೆ ಜುಂ ಎನ್ನುತ್ತಿದ್ದರೆ ತಪ್ಪು ಯಂತ್ರದ್ದಲ್ಲ, ಪ್ಲಗ್ಗಿನ ಅರ್ಥಿಂಗ್‌ನದು. ಮಾಲೀಕರಿಗೆ ಹೇಳಿ ಸರಿಮಾಡಿಸಬೇಕಾದ ಕೆಲಸ ಅದು, ಡೆಸ್ಕ್‌ಟಾಪ್ ಇಟ್ಟರೂ ಮಾಡಿಸಬೇಕು.

ಹಾಗಾದರೆ ಡೆಸ್ಕ್‌ಟಾಪ್ ಯಾರಿಗೆ? ಸ್ವಂತ ಮನೆ ಇದ್ದವರಿಗೆ, ಸದ್ದು ಸಹಿಸದವರಿಗೆ, ಮನೆಯಲ್ಲೇ ದೊಡ್ಡ ಎಐ ಮಾದರಿಗಳನ್ನು ಓಡಿಸಲು 16 ಜಿಬಿಗಿಂತ ಹೆಚ್ಚು ಗ್ರಾಫಿಕ್ಸ್ ಮೆಮೊರಿ ಬೇಕಾದವರಿಗೆ, ರಾತ್ರಿಯಿಡೀ 4ಕೆ ರೆಂಡರ್ ಹಾಕಿ ಮಲಗುವ ಸ್ಟುಡಿಯೊಗಳಿಗೆ. ಅವರ ವಿಷಯದಲ್ಲಿ ಹಳೆಯ ಸಲಹೆ ಇವತ್ತಿಗೂ ಸರಿ. ರಿಪೇರಿಯ ವಿಷಯದಲ್ಲೂ ಡೆಸ್ಕ್‌ಟಾಪ್‌ನದೇ ಮೇಲುಗೈ. ಲ್ಯಾಪ್‌ಟಾಪ್ ಬೋರ್ಡ್ ವಾರಂಟಿ ಮುಗಿದ ಮೇಲೆ ಹೋದರೆ ಹೊಸ ಬೋರ್ಡಿನ ಬೆಲೆ ಕೇಳಿ ಎದೆ ಒಡೆಯುತ್ತದೆ. ಆ ಅಪಾಯವನ್ನು ಯಾವ ವಾದದಿಂದಲೂ ಅಳಿಸಲಾಗದು. ಅದಕ್ಕೇ ಮೂರು ವರ್ಷದ, ಮನೆಗೇ ಬಂದು ರಿಪೇರಿ ಮಾಡುವ ವಾರಂಟಿಯ ದುಡ್ಡನ್ನು ಲ್ಯಾಪ್‌ಟಾಪ್‌ನ ಬೆಲೆಯೊಳಗೇ ಸೇರಿಸಿ ನೋಡಬೇಕು. ಅದನ್ನು ಸೇರಿಸಿದ ಮೇಲೂ ಬಾಡಿಗೆ ಮನೆಯ ಒಂದು ಮೇಜಿಗೆ, ಒಂದು ಪ್ಲಗ್ಗಿಗೆ, ಎರಡು ವರ್ಷಕ್ಕೊಮ್ಮೆ ಬರುವ ಟೆಂಪೊಗೆ ದಪ್ಪನೆಯ, ಮಧ್ಯಮ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪೇ ಸರಿಯಾದ ಡೆಸ್ಕ್‌ಟಾಪ್ ಎಂಬುದು ನನ್ನ ನಿಲುವು.

ಕೊಳ್ಳಲು ಹೊರಟವರಿಗೆ ನನ್ನ ಕೋರಿಕೆ ಒಂದೇ. ಅಂಗಡಿಯಲ್ಲಿ ಮುಚ್ಚಳದ ಲೈಟ್ ನೋಡಬೇಡಿ, ನಂಬರ್ ಕೇಳಿ ತೃಪ್ತರಾಗಬೇಡಿ. "ಈ ಗ್ರಾಫಿಕ್ಸಿಗೆ ಎಷ್ಟು ವ್ಯಾಟ್ ಕೊಟ್ಟಿದ್ದಾರೆ, ರ‍್ಯಾಮ್ ಸ್ಲಾಟ್ ಎಷ್ಟಿದೆ, ಎಚ್‌ಡಿಎಂಐ ನೇರ ಗ್ರಾಫಿಕ್ಸಿಗೆ ಹೋಗುತ್ತಾ?" ಎಂದು ಕೇಳಿ, ಉತ್ತರವನ್ನು ಕಂಪನಿಯ ಸ್ಪೆಸಿಫಿಕೇಶನ್ ಪುಟದಲ್ಲಿ ತೋರಿಸಲು ಹೇಳಿ. ತೋರಿಸಲಾಗದವರ ಅಂಗಡಿಯಲ್ಲಿ ದುಡ್ಡು ಬಿಚ್ಚಬೇಡಿ.